ಪಿಟೀಲು ಏರಿದಾಗ ಮಿರ್ಚಿ ಬಿಡಬೇಡಿ

ನಾನು ಮೂವತ್ತೈದು ವರ್ಷ ಸಿನಿಮಾ ಕೇಳಿದವಳು, ನೋಡಿದವಳಲ್ಲ. ಹೀಗೆ ಹೇಳಿದರೆ ಜನ ಮೊದಲು ನನ್ನ ಕಣ್ಣು ನೋಡುತ್ತಾರೆ. ಕಣ್ಣಿಗೇನೂ ಆಗಿಲ್ಲ, ಸೂಜಿಗೆ ದಾರ ಈಗಲೂ ನಾನೇ ಪೋಣಿಸುತ್ತೇನೆ. ಸಂಗತಿ ಇಷ್ಟೇ: ಶಹಾಪುರದ ಟಾಕೀಸಿನ ಪಕ್ಕದ ಗೋಡೆಗೆ ಒತ್ತಿಕೊಂಡು ನನ್ನ ಮಿರ್ಚಿ ಭಜಿಯ ಬಂಡಿ ನಿಲ್ಲುತ್ತದೆ. ಆ ಗೋಡೆಯಲ್ಲಿ, ನನ್ನ ತಲೆಯ ಮೇಲೆ ಎರಡು ಮೊಳ ಎತ್ತರಕ್ಕೆ, ಗಾಳಿಗೆಂದು ಬಿಟ್ಟ ಜಾಲಂದ್ರ ಇವೆ. ಒಳಗಿನ ಸಿನಿಮಾ ಆ ತೂತುಗಳಿಂದ ಸೋಸಿಕೊಂಡು ಬಂದು ನನ್ನ ಕಡಾಯಿಯೊಳಗೆ ಬೀಳುತ್ತದೆ. ಒಳಗೆ ಹೋಗಿ ಕುಳಿತರೆ ಹೊರಗೆ ಕರಿಯುವವರು ಯಾರು? ಹಾಗಾಗಿ ಮುಖ ನೋಡುವುದು ಟಿಕೆಟ್ ಕೊಂಡವರ ಪಾಲಿಗೆ, ಸದ್ದು ಕೇಳುವುದು ನನ್ನ ಪಾಲಿಗೆ ಎಂದು ಹಂಚಿಕೆ ಆಗಿತ್ತು.

ಮುಖ ಬೇಕೆಂದರೆ ಪೋಸ್ಟರ್ ಇತ್ತಲ್ಲ. ನಾನು ಅಕ್ಷರ ಕಲಿತದ್ದೂ ಅದರಿಂದಲೇ. ಮಗ ಶಾಲೆಗೆ ಹೋಗುವಾಗ ಅವನಿಂದ ಒಂದೊಂದೇ ಅಕ್ಷರ ಕೇಳಿಕೊಂಡು ಗೋಡೆಯ ಮೇಲೆ ಓದುತ್ತಿದ್ದೆ. ಆದ್ದರಿಂದ ಇವತ್ತಿಗೂ ಮೊಳದುದ್ದದ ಅಕ್ಷರ ಸರಾಗ ಓದುತ್ತೇನೆ. ಕೆಳಗಿನ ಸಣ್ಣಕ್ಷರ ಇರುವೆ ಸಾಲಿನಂತೆ ಕಾಣುತ್ತದೆ. ನಾಯಕ, ನಾಯಕಿಯರ ಹೆಸರು ಗೊತ್ತಾಗುತ್ತಿತ್ತು, ಸಂಗೀತ ಮಾಡಿದವನ ಹೆಸರು ಗೊತ್ತಾಗುತ್ತಿರಲಿಲ್ಲ. ನನಗೆ ಅನ್ನ ಹಾಕಿದವನು ಅವನೇ, ಅವನ ಹೆಸರನ್ನೇ ಓದಲಿಲ್ಲ.

ಅನ್ನ ಹಾಕಿದ ಎಂದದ್ದು ಸುಮ್ಮನೆ ಅಲ್ಲ. ಮಿರ್ಚಿಯ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಂಟರ್ವಲ್ ಅಂದರೆ ಹತ್ತು ನಿಮಿಷ. ಬಾಗಿಲು ತೆಗೆದ ಕೂಡಲೇ ಇನ್ನೂರು ಜನ ಒಮ್ಮೆಲೇ ಬರುತ್ತಾರೆ. ಆ ಗಳಿಗೆಗೆ ಮಿರ್ಚಿ ಕಡಾಯಿಯಿಂದ ಏಳುತ್ತಿರಬೇಕು. ಮುಂಚೆಯೇ ಕರಿದಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಬಿಟ್ಟರೆ ಜನ ಪಕ್ಕದ ಚಹದಂಗಡಿಗೆ ನಡೆಯುತ್ತಾರೆ. ಕೆಲವರು ಅರ್ಧ ಕರಿದಿಟ್ಟು ಮತ್ತೆ ಕರಿಯುತ್ತಾರೆ. ಎರಡು ಸಲ ಕರಿದ ಮಿರ್ಚಿ ಎರಡು ಸಲ ಹೇಳಿದ ನಗೆಮಾತಿನ ಹಾಗೆ; ಮೇಲೆ ಗರಿಗರಿ, ಒಳಗೆ ಹಳಸಲು. ಆದ್ದರಿಂದ ಬಾಗಿಲು ತೆಗೆಯುವ ಐದು ನಿಮಿಷ ಮೊದಲು, ಆರೂ ಅಲ್ಲ ನಾಲ್ಕೂ ಅಲ್ಲ, ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬೀಳಬೇಕು.

ಗಡಿಯಾರ ನೋಡಿದರೆ ಆಗದೇ ಎನ್ನುತ್ತೀರಿ. ಆಗುವುದಿಲ್ಲ. ಒಂದು ದಿನ ಕರೆಂಟ್ ಹೋಗುತ್ತದೆ, ಒಂದು ದಿನ ಜಾಹೀರಾತು ಹೆಚ್ಚು, ಒಂದು ದಿನ ಮಂದಿ ಬರಲೆಂದು ಆಟವನ್ನೇ ತಡ ಮಾಡುತ್ತಾರೆ. ನನ್ನ ಗಡಿಯಾರ ಸಂಗೀತ. ಯಾವ ಸಿನಿಮಾ ಆಗಲಿ, ಇಂಟರ್ವಲ್ಲಿಗೆ ಮುಂಚೆ ಪಿಟೀಲುಗಳೆಲ್ಲ ಒಟ್ಟಿಗೆ ಏಳುತ್ತವೆ. ಒಂದಲ್ಲ ಎರಡಲ್ಲ, ಐವತ್ತು ಪಿಟೀಲು, ಮದುವೆ ಮನೆಯಲ್ಲಿ ಬೀಗರು ಎದ್ದು ನಿಂತ ಹಾಗೆ. ಅವು ಎದ್ದವು ಎಂದರೆ ಮಿರ್ಚಿ ಬಿಡು. ಅವು ಮೇಲೇರಿ, ತಾಳ ಬಡಿದು, ಢಂ ಎಂದು ನಿಂತಾಗ ಮಿರ್ಚಿಗೆ ಬಂಗಾರದ ಬಣ್ಣ ಬಂದಿರುತ್ತದೆ. ಮೂವತ್ತೈದು ವರ್ಷದಲ್ಲಿ ಪಿಟೀಲು ನನಗೆ ಸುಳ್ಳು ಹೇಳಿದ್ದಿಲ್ಲ.

ಇದರ ಒಂದು ತೊಂದರೆ ಏನೆಂದರೆ, ಬದುಕಿನಲ್ಲೂ ಸಂಗೀತ ಬರುತ್ತದೆ ಎಂದು ಕಿವಿ ಕಾಯುತ್ತಿರುತ್ತದೆ. ನನ್ನ ಗಂಡ ಸತ್ತ ದಿನ ಒಂದು ಪಿಟೀಲೂ ನುಡಿಯಲಿಲ್ಲ. ಮಧ್ಯಾಹ್ನ ರೊಟ್ಟಿ ತಿಂದು ಅಡ್ಡಾದವನು ಏಳಲಿಲ್ಲ, ಅಷ್ಟೇ. ಪಕ್ಕದ ಮನೆಯಲ್ಲಿ ಯಾರೋ ಶೇಂಗಾ ಹಿಂಡಿ ಕುಟ್ಟುತ್ತಿದ್ದರು. ಮುನ್ಸೂಚನೆ ಕೊಡದೆ ಹೋದದ್ದಕ್ಕೆ ನನಗೆ ದುಃಖಕ್ಕಿಂತ ಸಿಟ್ಟು ಮೊದಲು ಬಂತು. ಅವನನ್ನು ಮೊದಲು ನೋಡಿದ ದಿನವೂ ಹೀಗೆಯೇ. ನಮ್ಮ ಊರು ದೇವಾಪುರದಲ್ಲಿ ಒಂದು ಹಿಟ್ಟಿನ ಗಿರಣಿ. ನಾನು ಜೋಳ ಬೀಸಿಸಲು ಹೋಗಿದ್ದೆ. ಗಿರಣಿಯಲ್ಲಿ ಕೆಲಸಕ್ಕೆ ಬಂದ ಹೊಸ ಹುಡುಗ ಮೈಯೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದ. ರೆಪ್ಪೆಯ ಮೇಲೂ ಹಿಟ್ಟು. ಗಿರಣಿಯ ಪಟ್ಟಿ ಮಾತ್ರ ಟಕ್ಕ ಟಕ ಟಕ್ಕ ಎನ್ನುತ್ತಿತ್ತು. ನನ್ನ ಜೋಳ ಹಾಕುವ ಬದಲು ನನ್ನನ್ನೇ ನೋಡುತ್ತ ನಿಂತದ್ದಕ್ಕೆ ಬೈದೆ. ಆರು ತಿಂಗಳಿಗೆ ಮದುವೆ ಆಯಿತು. ಸುರಪುರದ ನಮ್ಮ ದೊಡ್ಡಮ್ಮ, 'ಹುಡುಗ ಬೆಳ್ಳಗ ಅದಾನ' ಎಂದು ಹೇಳಿಯೇ ಒಪ್ಪಿಸಿದ್ದಳು. ತೊಳೆದ ಮೇಲೆ ಗೊತ್ತಾಯಿತು.

ಇರಲಿ, ಸಿನಿಮಾಕ್ಕೆ ಬರುತ್ತೇನೆ. ನನ್ನ ಸೊಸೆ ನಾಗಮ್ಮ ಹನ್ನೊಂದು ವರ್ಷದಿಂದ ಬಂಡಿಯಲ್ಲಿ ನನ್ನ ಜೊತೆಗಿದ್ದಾಳೆ. ಕಡಲೆಹಿಟ್ಟು ಕಲಸುವುದು, ಉಳ್ಳಾಗಡ್ಡಿ ಹೆಚ್ಚುವುದು, ಚುರುಮುರಿ ನೆನೆಸಿ ಒಗ್ಗರಣೆ ಹಾಕಿ ಸುಸಲಾ ಮಾಡುವುದು ಅವಳದು. ಕಡಾಯಿಯ ಮುಂದೆ ನಿಲ್ಲುವುದು ನನ್ನದು. ಬಂಡಿಯಲ್ಲಿ ಕಡಾಯಿ ಎಂದರೆ ಮನೆಯಲ್ಲಿ ಬೀಗದ ಕೈ ಇದ್ದ ಹಾಗೆ. ಅದರ ಮೇಲೆ ಅವಳಿಗೆ ಕಣ್ಣಿದೆ ಎಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವಳಿಗೆ ಗೊತ್ತು. ಮಗ ನಮ್ಮಿಬ್ಬರ ನಡುವೆ ಬಾಯಿ ಹಾಕುವುದಿಲ್ಲ. ಅಪ್ಪನಿಗಿಂತ ಜಾಣ.

ಮೊನ್ನೆ ಒಂದು ಶುಕ್ರವಾರ ಹೊಸ ಸಿನಿಮಾ ಬಂತು. ಪೋಸ್ಟರಿನಲ್ಲಿ ಹುಡುಗ ಕುತ್ತಿಗೆಗೆ ಅಳತೆ ಪಟ್ಟಿ ಹಾಕಿಕೊಂಡು ನಿಂತಿದ್ದ, ಹುಡುಗಿ ಸೊಂಟಕ್ಕೆ ಕೈ ಇಟ್ಟಿದ್ದಳು. ನಗೆಯ ಸಿನಿಮಾ, ಪ್ರೀತಿಯ ಸಿನಿಮಾ. ಯಾದಗಿರಿ, ಸುರಪುರ ಎರಡೂ ಕಡೆಯ ಬಸ್ಸಿನಿಂದ ಕಾಲೇಜಿನ ಹುಡುಗ ಹುಡುಗಿಯರು ಇಳಿದೇ ಇಳಿದರು. ಈಗೀಗ ದಿನಕ್ಕೆ ಮಧ್ಯಾಹ್ನದ ಆಟ ಒಂದೇ, ಅದು ಭರ್ತಿ. ನಾನು ಅರವತ್ತು ಮೆಣಸಿನಕಾಯಿ ಸೀಳಿ ಜೀರಿಗೆ ಉಪ್ಪು ತುಂಬಿಟ್ಟುಕೊಂಡೆ.

ಸಿನಿಮಾ ಶುರುವಾದ ಕೂಡಲೇ ಇದು ಬೇರೆ ಜಾತಿಯ ಸಂಗೀತ ಎಂದು ಕಿವಿಗೆ ಬಂತು. ಪಿಟೀಲು ಇದ್ದವು, ಬೇಕಾದಷ್ಟಿದ್ದವು. ಅವುಗಳ ಜೊತೆಗೆ ಒಂದು ಊದುವ ವಾದ್ಯ. ನಮ್ಮ ಬ್ಯಾಂಡ್ ಕಂಪನಿಯವರ ಹತ್ತಿರವೂ ಇದೆ, ಸೊಂಡಿಲಿನ ಹಾಗೆ ಸೊಟ್ಟಗಿರುತ್ತದೆ. ಆದರೆ ಮದುವೆ ಮೆರವಣಿಗೆಯಲ್ಲಿ ಅದು ಚೀರುತ್ತದೆ, ಇಲ್ಲಿ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಮಾತಾಡಿದ ಹಾಗಿತ್ತು. ಡ್ರಮ್ಮನ್ನು ಬಡಿಯುತ್ತಿರಲಿಲ್ಲ, ಮೊರದಲ್ಲಿ ಜೋಳ ಆಡಿಸಿದ ಹಾಗೆ ಸವರುತ್ತಿದ್ದರು. ಅಡಿಯಲ್ಲಿ ಎಮ್ಮೆ ನಡೆದ ಹಾಗೆ ಒಂದು ದಪ್ಪ ತಂತಿ, ಡುಂ, ಡುಂ, ಡುಂ. ಸಂಗೀತವೇ ಅವಸರ ಇಲ್ಲದೆ ತಿರುಗಾಡಲು ಹೊರಟಿತ್ತು. ಕಡಾಯಿಯ ಮುಂದೆ ನನ್ನ ಕಾಲು ತಾನಾಗಿ ಕುಣಿಯಿತು. ಸೊಸೆ ನೋಡಿದಳು. ಸೊಳ್ಳೆ ಎಂದೆ.

ಮುಕ್ಕಾಲು ತಾಸಾಗಿತ್ತೇನೋ, ಪಿಟೀಲುಗಳು ಎದ್ದವು. ಐವತ್ತಕ್ಕೆ ಐವತ್ತೂ. ಇಷ್ಟು ಬೇಗ ಇಂಟರ್ವಲ್ಲೇ ಎನಿಸಿತು. ಆದರೆ ಪಿಟೀಲಿನ ಮಾತು ಮೀರುವುದುಂಟೇ? ಇಪ್ಪತ್ತು ಮಿರ್ಚಿ ಬಿಟ್ಟೆ. ಪಿಟೀಲು ಏರಿತು, ಏರಿತು, ತುತ್ತತುದಿಗೆ ಹೋಗಿ ಗಪ್ಪನೆ ನಿಂತಿತು. ಆ ಸೊಟ್ಟ ವಾದ್ಯ ಒಂದೇ ಒಂದು ಸಲ 'ಪ್ವಾಂಯ್' ಎಂದಿತು. ಒಳಗೆ ಜನವೆಲ್ಲ ಘೊಳ್ ಎಂದು ನಕ್ಕರು. ಬಾಗಿಲು ತೆಗೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೆ ಎದ್ದವು. ಈ ಸಲ ಖರೇ ಎಂದುಕೊಂಡು ಮತ್ತೆ ಇಪ್ಪತ್ತು ಬಿಟ್ಟೆ. ಪ್ವಾಂಯ್. ಮತ್ತೆ ನಗು. ಮೂರನೇ ಸಲ ಎದ್ದಾಗ ಸೊಸೆ ನನ್ನ ಕೈ ನೋಡುತ್ತಿದ್ದಳು. ಬಿಡದಿದ್ದರೆ ಹೆದರಿದಳು ಎನ್ನುತ್ತಾಳೆ ಎಂದು ಉಳಿದ ಇಪ್ಪತ್ತನ್ನೂ ಬಿಟ್ಟೆ. ನೀವೇ ಊಹಿಸಿಕೊಳ್ಳಿ. ಬುಟ್ಟಿಯಲ್ಲಿ ಅರವತ್ತು ಮಿರ್ಚಿ ತಣ್ಣಗೆ ಮಲಗಿದ ಮೇಲೆ, ಯಾವ ಪಿಟೀಲೂ ಇಲ್ಲದೆ, ಯಾವ ತಾಳವೂ ಇಲ್ಲದೆ, ಬಾಗಿಲು ಧಡ್ ಎಂದು ತೆರೆಯಿತು. ಇಂಟರ್ವಲ್.

"ಆಯಿ, ಬಿಸಿ ಇಲ್ಲೇನ್ರಿ?" ಎಂದ ಮುಂದಿದ್ದ ಕಾಲೇಜು ಹುಡುಗ.

"ತಿನ್ನೋ, ಹೊಟ್ಟ್ಯಾಗ ಹೋಗಿ ಬಿಸಿ ಆಗ್ತದ," ಎಂದೆ.

ಅವನು ಒಂದು ಎತ್ತಿ ಹಿಡಿದ. ಮಿರ್ಚಿ ಸತ್ತ ಇಲಿಯ ಬಾಲದಂತೆ ಬಾಗಿತು. "ಹೋದ ವಾರದ ಸಿನಿಮಾದ್ದು ಉಳದಿತ್ತೇನ್ರಿ ಇದು?" ಎಂದ. ಹಿಂದಿದ್ದವರೆಲ್ಲ ನಕ್ಕರು. ಒಳಗೆ ನಕ್ಕು ನಕ್ಕು ಅವರ ಬಾಯಿ ಸಡಿಲಾಗಿತ್ತು, ಆ ನಗುವೇ ಹೊರಗೂ ಹರಿಯಿತು. ಹತ್ತು ನಿಮಿಷ ಕಳೆದು ಎಲ್ಲರೂ ಒಳಗೆ ಹೋದರು. ಅರ್ಧಕ್ಕಿಂತ ಹೆಚ್ಚು ಬುಟ್ಟಿಯಲ್ಲೇ ಉಳಿಯಿತು.

ನಾಗಮ್ಮ ನಗಲಿಲ್ಲ. ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. ಸೆರಗಿಗೆ ಕೈ ಒರೆಸಿಕೊಂಡು ನಿಧಾನಕ್ಕೆ, "ಅತ್ತಿ, ನಾಳಿಂದ ಕಡಾಯಿ ಮುಂದ ನಾ ನಿಂದರ್ತೀನಿ. ನೀವು ಕುಂತು ಉಳ್ಳಾಗಡ್ಡಿ ಹೆಚ್ಚರಿ," ಎಂದಳು.

"ನಿನಗ ಯಾವ ಪಿಟೀಲು ಹೇಳ್ತದಬೇ, ಯಾವಾಗ ಬಿಡಬೇಕಂತ?"

"ಪಿಟೀಲು ಯಾಕ ಬೇಕ್ರಿ? ಮೆಹಬೂಬಣ್ಣ ಮಿಸ್ ಕಾಲ್ ಕೊಡ್ತಾನ."

ಮೆಹಬೂಬ ಟಾಕೀಸಿನ ಆಪರೇಟರ್. ರೀಲು ತಿರುಗಿಸುವ ಕಾಲದಿಂದಲೂ ಮೇಲಿನ ಕೋಣೆಯಲ್ಲಿ ಇದ್ದಾನೆ. ಈಗ ರೀಲಿಲ್ಲ, ಗುಂಡಿ ಒತ್ತಿದರೆ ಸಿನಿಮಾ ಓಡುತ್ತದೆ, ಆದರೂ ಅವನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಸೊಸೆ ಅವನ ಜೊತೆ ಒಪ್ಪಂದ ಮಾಡಿಕೊಂಡಳು: ಇಂಟರ್ವಲ್ಲಿಗೆ ಐದು ನಿಮಿಷ ಇರುವಾಗ ಅವನು ಫೋನು ಮಾಡಿ ಕತ್ತರಿಸಬೇಕು. ನಾನು ಶನಿವಾರ ಉಳ್ಳಾಗಡ್ಡಿ ಹೆಚ್ಚುತ್ತ ಕುಳಿತೆ. ಅಷ್ಟು ಹೆಚ್ಚಿದರೂ ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ಹಟಕ್ಕೆ ಉಳ್ಳಾಗಡ್ಡಿಯೂ ಹೆದರುತ್ತದೆ.

ಪಿಟೀಲು ಎದ್ದವು, ಬಿದ್ದವು, ಮೂರು ಸಲ. ನಾಗಮ್ಮ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು, ಬೆಕ್ಕು ಬಿಲ ಕಾಯ್ದ ಹಾಗೆ ಅದನ್ನೇ ಕಾಯುತ್ತಿದ್ದಳು. ಫೋನು ಮಿಸುಕಲಿಲ್ಲ. ಬಾಗಿಲು ಧಡ್ ಎಂದಿತು. ಜನ ಬಂದರು. ಕಡಾಯಿಯಲ್ಲಿ ಎಣ್ಣೆ ಮಾತ್ರ ಹೊಗೆಯಾಡುತ್ತಿತ್ತು. ಮೆಹಬೂಬ ಮೇಲಿನಿಂದ ಓಡುತ್ತ ಇಳಿದು ಬಂದು ಹಣೆ ಬಡಿದುಕೊಂಡ. "ಮಾಫ್ ಮಾಡವ್ವ ನಾಗಮ್ಮ! ಸಿನಿಮಾದಾಗಿನ ಆ ದರ್ಜಿ ಹುಡುಗನ್ನ ನೋಡಕೋತ ನಕ್ಕು ನಕ್ಕು ಮರತೇ ಹೋತು."

ನನಗೆ ಆದ ಸಂತೋಷ ಹೇಳಬಾರದು, ಹೇಳುತ್ತೇನೆ: ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ತಿಂದ ಮೇಲೆ ವಿಚಾರ ಬಂತು. ಸೊಸೆ ಸೋತದ್ದರಿಂದ ನಾನು ಗೆದ್ದಂತಾಗಲಿಲ್ಲವಲ್ಲ. ಕಡಾಯಿ ಯಾರದು ಎಂಬುದು ಹಾಗೆಯೇ ನಿಂತಿತ್ತು, ಸಿನಿಮಾ ಇನ್ನೂ ಒಂದು ವಾರ ಓಡುವುದಿತ್ತು. ಅದಕ್ಕಿಂತ ಹೆಚ್ಚಾಗಿ, ಮೂವತ್ತೈದು ವರ್ಷ ಖರೇ ಹೇಳಿದ ಪಿಟೀಲು ಈಗ ಯಾಕೆ ಸುಳ್ಳು ಹೇಳುತ್ತಿದೆ? ಮೆಹಬೂಬನನ್ನು ಕೇಳಿದೆ.

"ಅರೇ ಅಕ್ಕಾ, ಸುಳ್ಳಲ್ಲ ಅದು, ಮಸ್ಕಿರಿ, ತಮಾಷಿ! ಪಿಟೀಲು ಎಲ್ಲಾ ಸ್ವರ ಬರದ ಕಾಗದ ನೋಡಿ ಬಾರಸ್ತಾವ. ಆ ಸೊಟ್ಟ ಸ್ಯಾಕ್ಸೋಫೋನಿನವಂದು ಜಾಝ್. ಅವನ ಮುಂದ ಕಾಗದ ಇದ್ರೂ ಮನಸ್ಸಿಗೆ ಬಂದ ಕಡೆ ಹೋಗ್ತಾನ, ಮತ್ತ ಬರೋಬ್ಬರಿ ತಾಳಕ್ಕ ಬಂದು ನಿಂದರ್ತಾನ."

"ನನ್ನ ಗಂಡನ ಹಂಗ ಅನ್ನು. ಊಟದ ತಾಳಕ್ಕ ಬರೋಬ್ಬರಿ ಬರ್ತಿದ್ದ."

"ಕೇಳಿದ್ರ ತಿಳಿಯಂಗಿಲ್ಲ ಅಕ್ಕಾ. ಒಮ್ಮಿ ಒಳಗ ಬಂದು ನೋಡು."

ಭಾನುವಾರ ಮಧ್ಯಾಹ್ನ ನಾನು ಕೌಂಟರಿನಲ್ಲಿ ಟಿಕೆಟ್ ತೆಗೆದುಕೊಂಡೆ. ಟಿಕೆಟ್ ಕೊಡುವವನು ಎರಡು ಸಲ ಕೇಳಿದ, "ಯಾರಿಗ್ರಿ?" ನಾಗಮ್ಮನಿಗೆ, "ಇವತ್ತೊಂದು ದಿನ ಕಡಾಯಿ ನೋಡ್ಕೋ. ನಾ ಒಳಗ ಹೋಗಿ ಪಿಟೀಲು ಎಲ್ಲಿ ಸುಳ್ಳು ಹೇಳ್ತಾವ ನೋಡಿ, ವ್ಯಾಳ್ಯಾಕ್ಕ ಸರಿಯಾಗಿ ಹೊರಗ ಬಂದು ಹೇಳ್ತೀನಿ. ನಾ ಹೇಳಿದ ಮ್ಯಾಗ ಮಿರ್ಚಿ ಬಿಡು," ಎಂದು ಹೇಳಿದೆ. ಹೇಳಿದ್ದು ಸರಿಯಾದರೆ ಸೋಮವಾರದಿಂದ ಕಡಾಯಿ ಮತ್ತೆ ನನ್ನದು. ಅವಳು "ಹ್ಞೂಂ" ಎಂದಳು.

ಒಳಗೆ ಕಾಲಿಟ್ಟರೆ ಕತ್ತಲೆ, ತಂಪು. ನನ್ನ ಜಾಲಂದ್ರ ಒಳಗಿನಿಂದ ಎಷ್ಟು ಸಣ್ಣವು! ಇಷ್ಟು ಸಣ್ಣ ತೂತಿನಿಂದ ಅಷ್ಟು ಸಿನಿಮಾ ಹೇಗೆ ಬಂತೋ. ಕಾಲೇಜಿನ ಮೂವರು ಹುಡುಗಿಯರ ಪಕ್ಕ ಕುಳಿತೆ. ಕುರ್ಚಿ ಮಡಚಿಕೊಂಡು ಒಮ್ಮೆ ನನ್ನನ್ನು ನುಂಗಿತು, ಅವರು ಎಬ್ಬಿಸಿ ಕೂರಿಸಿದರು.

ಹುಡುಗ ದರ್ಜಿ. ಹುಡುಗಿ, ರವಿಕೆ ಬಿಗಿಯಾಗಿದೆ ಎಂದು ಜಗಳಕ್ಕೆ ಬಂದವಳು. ಜಗಳ ಮುಗಿಯಬಾರದೆಂದು ಅವನು ಪ್ರತಿ ಸಲ ಬೇರೆ ಕಡೆ ಬಿಗಿ ಮಾಡಿ ಕೊಡುತ್ತಾನೆ. ಮನಸ್ಸಿನ ಮಾತು ಹೇಳಬೇಕೆಂದು ಬಾಯಿ ತೆರೆದ ಕೂಡಲೇ ಐವತ್ತು ಪಿಟೀಲು ಏಳುತ್ತವೆ. ಗಾಳಿ ಬೀಸುತ್ತದೆ, ಅವಳ ಕೂದಲು ಹಾರುತ್ತದೆ, ಅಂಗಡಿಯ ಬಟ್ಟೆಗಳೆಲ್ಲ ಹಾರುತ್ತವೆ. ಅಷ್ಟರಲ್ಲಿ ಯಾರೋ ಅಜ್ಜ ಬಂದು ಪಾಯಿಜಾಮದ ಲಾಡಿ ಕೇಳುತ್ತಾನೆ. ಪ್ವಾಂಯ್!

ಆಗ ನನಗೆ ತಿಳಿಯಿತು. ಪಿಟೀಲು ಸುಳ್ಳು ಹೇಳುತ್ತಿರಲಿಲ್ಲ. ಅವು ಆ ದರ್ಜಿಯ ತಲೆಯಲ್ಲಿ ಇರುವುದನ್ನು ಬಾರಿಸುತ್ತಿದ್ದವು. ಆ ಸೊಟ್ಟ ವಾದ್ಯ ಅವನ ಹಣೆಯಲ್ಲಿ ಬರೆದದ್ದನ್ನು ಬಾರಿಸುತ್ತಿತ್ತು. ಎರಡೂ ಒಟ್ಟಿಗೆ ಕೇಳಿದರೆ ನಗು ಬರುತ್ತದೆ. ಹೊರಗೆ ನಿಂತವಳಿಗೆ ಇದು ಹೇಗೆ ಗೊತ್ತಾಗಬೇಕು? ಎರಡನೇ ಸಲ ಪಿಟೀಲು ಏರುವಾಗ, ಪ್ವಾಂಯ್ ಬರುತ್ತದೆಂದು ಗೊತ್ತಿದ್ದ ನಾನು ಮೊದಲೇ ನಕ್ಕುಬಿಟ್ಟೆ, ಗಟ್ಟಿಯಾಗಿ. ಮುಂದಿನ ಸಾಲಿನವರು ತಿರುಗಿ ನೋಡಿದರು. ಪಕ್ಕದ ಹುಡುಗಿ, "ಆಯಿ, ಮೊದಲೇ ನೋಡೀರೇನ್ರಿ?" ಎಂದಳು. "ಮೊದಲೇ ಕರದೀನಿ," ಎಂದೆ. ಅವಳಿಗೆ ತಿಳಿಯಲಿಲ್ಲ.

ಮೂರನೆಯ ಪ್ವಾಂಯ್ ಕೂಡ ಆಯಿತು. ಇನ್ನು ಎದ್ದು ಹೊರಗೆ ಹೋಗಬೇಕು, ಹೇಳಬೇಕು ಎಂದು ಸೆರಗು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಅಂಗಡಿಯಲ್ಲಿ ಅವರಿಬ್ಬರೇ ಉಳಿದರು. ಹುಡುಗ ಈ ಸಲ ಬಾಯಿ ತೆರೆಯಲೇ ಇಲ್ಲ, ಬೇಸತ್ತು ಕತ್ತರಿ ಕೆಳಗಿಟ್ಟ. ಪಿಟೀಲು ಎಲ್ಲ ಸುಮ್ಮನಾದವು. ಸೊಟ್ಟ ವಾದ್ಯವೂ ಸುಮ್ಮನಾಯಿತು. ಮೊರದ ಸದ್ದು ಮಾತ್ರ ಸರ ಸರ, ದಪ್ಪ ತಂತಿ ಮಾತ್ರ ಡುಂ, ಡುಂ. ಹುಡುಗಿ ಹತ್ತಿರ ಬಂದಳು. ಅವನ ಕುತ್ತಿಗೆಯ ಅಳತೆ ಪಟ್ಟಿ ತೆಗೆದುಕೊಂಡಳು. ಅವನ ಹೆಗಲನ್ನು ಅಳೆದಳು. ನಿಧಾನಕ್ಕೆ, ಈ ತುದಿಯಿಂದ ಆ ತುದಿಗೆ. ನನ್ನ ರೆಪ್ಪೆಯ ಮೇಲೆ ಎಲ್ಲಿಂದಲೋ ಹಿಟ್ಟು ಬಂದು ಕುಳಿತ ಹಾಗಾಯಿತು. ಎದ್ದು ಹೋಗುವುದು ಮರೆತೇಹೋಯಿತು.

ದೀಪ ಹತ್ತಿತು. ಇಂಟರ್ವಲ್.

ಮೆಹಬೂಬ ಮರೆತ ಹಾಗೆಯೇ ನಾನೂ ಮರೆತಿದ್ದೆ. ಹುಡುಗಿಯರನ್ನು ತಳ್ಳಿಕೊಂಡು ಓಡಿದೆ. ಮೂರು ದಿನ ಮೂರು ಸಲ ಮಾನ ಹೋದರೆ ಆ ಗೋಡೆಯ ಪಕ್ಕ ಇನ್ನು ಯಾರು ಬರುತ್ತಾರೆ? ಬಾಗಿಲು ದಾಟಿದಾಗಲೇ ವಾಸನೆ ಬಂತು. ಕಡಾಯಿಯ ತುಂಬ ಮಿರ್ಚಿ, ನಾಗಮ್ಮ ತೂತಿನ ಸೌಟಿನಿಂದ ಎತ್ತಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು. ಒಂದೊಂದೂ ಬಂಗಾರ. ಜನ ಮುಗಿಬಿದ್ದಿದ್ದರು. ನಾನು ಸುಮ್ಮನೆ ಹೋಗಿ ಸುಸಲಾ ಕಟ್ಟಿಕೊಡಲು ನಿಂತೆ. ಬುಟ್ಟಿಯಲ್ಲಿ ಮೂರೇ ಮಿರ್ಚಿ ಉಳಿದ ಮೇಲೆ ಕೇಳಿದೆ.

"ಮೆಹಬೂಬ ಮಿಸ್ ಕಾಲ್ ಕೊಟ್ಟನೇನು?"

"ಫೋನ್ ಮನ್ಯಾಗೇ ಬಿಟ್ಟು ಬಂದೀನ್ರಿ."

"ಮತ್ತ ಹ್ಯಾಂಗ ಗೊತ್ತಾತಬೇ?"

"ಪಿಟೀಲು ಎದ್ದಾಗ ಇಂಟರ್ವಲ್ ಬರಂಗಿಲ್ಲಂತ ಶುಕ್ರವಾರನೇ ತಿಳೀತಲ್ರಿ. ನಿನ್ನಿ ಎಲ್ಲಾ ಸುಮ್ಮನಾಗಿ ಆ ಡುಂ ಡುಂ ಒಂದೇ ಉಳಿದ ಮ್ಯಾಗ ಬಾಗಿಲು ತೆಗದ್ರು. ಇವತ್ತೂ ಅದೊಂದೇ ಉಳೀತು ನೋಡ್ರಿ, ಬಿಟ್ಟೆ."

"ನಾ ಬಂದು ಹೇಳಿದ ಮ್ಯಾಗ ಬಿಡು ಅಂದಿದ್ದೆ."

"ನೀವು ಬರಂಗಿಲ್ಲಂತ ಗೊತ್ತಿತ್ರಿ. ಸಿನಿಮಾ ಚಲೋ ಅದ ಅಂತಾರ." ಅವಳು ಎಣ್ಣೆಯ ಮೇಲಿನ ಕರಕಲು ತೆಗೆಯುತ್ತಲೇ ಇದ್ದಳು. "ಹನ್ನೊಂದು ವರ್ಷ ಆತು ಅತ್ತಿ, ನಿಮ್ಮ ಬೆನ್ನ ಹಿಂದ ನಿಂತು ನಾನೂ ಕೇಳಾಕತ್ತೀನಿ. ನನಗ ಕಿವಿ ಅದಾವೇನಂತ ನೀವು ಒಮ್ಮಿನೂ ಕೇಳಲಿಲ್ಲ."

ನಾನು ಅವಳಿಗೆ ಕಲಿಸಲಿಲ್ಲ, ಅವಳು ಕಲಿತಿದ್ದಳು. ನಾನು ಹಳೆಯ ಸಿನಿಮಾಗಳ ಪಿಟೀಲನ್ನು ನಂಬಿ ಕುಳಿತೆ, ಅವಳು ಮೂರು ದಿನಕ್ಕೆ ಹೊಸದರ ಮರ್ಮ ಹಿಡಿದಳು. ಆ ಸ್ಯಾಕ್ಸೋಫೋನಿನವನ ಜಾತಿ ಇವಳು. ಕಾಗದ ನೋಡದೆ ತಾಳಕ್ಕೆ ಬಂದು ನಿಲ್ಲುವವಳು. ಹೊಟ್ಟೆ ಉರಿಯಬೇಕಿತ್ತು, ಮಿರ್ಚಿ ಒಂದು ತಿಂದೆ, ಅದು ಉರಿಯಿತು, ಹೊಟ್ಟೆ ತಣ್ಣಗಿತ್ತು.

"ಉಪ್ಪು ಒಂದೀಟು ಕಮ್ಮಿ ಆಗ್ಯಾದ," ಎಂದೆ. ಅತ್ತೆ ಎಂದ ಮೇಲೆ ಏನಾದರೂ ಅನ್ನಬೇಕಲ್ಲ. "ನಾಳಿಂದ ನೋಡಿ ಹಾಕು."

ನಾಳಿಂದ ಎಂಬ ಮಾತು ಕೇಳಿ ಅವಳ ಕೈ ಒಂದು ಗಳಿಗೆ ನಿಂತಿತು. ಮೇಲೆ ನೋಡಲಿಲ್ಲ. "ಆಗಲ್ರಿ," ಎಂದಳು.

ಗಂಟೆ ಬಾರಿಸಿತು. ಜನ ಒಳಗೆ ನಡೆದರು. ಎರಡನೇ ಅರ್ಧ ಎಂದರೆ ನಮಗೆ ಬುಟ್ಟಿ, ಪಾತ್ರೆ ತೊಳೆಯುವ ಹೊತ್ತು. ಮೂವತ್ತೈದು ವರ್ಷದಲ್ಲಿ ಎಷ್ಟು ಜನ ಸಿನಿಮಾದ ಕೊನೆಯಲ್ಲಿ ಒಂದಾದರು, ಎಷ್ಟು ಜನ ಬೇರೆಯಾದರು, ನಲ್ಲಿಯ ನೀರಿನ ಸದ್ದಿನಲ್ಲಿ ನನಗೆ ಕೇಳಿಸಿಲ್ಲ. ನಾನು ಸೀರೆ ಎತ್ತಿ ಕಟ್ಟಿ ನಲ್ಲಿಯ ಕಡೆ ಹೊರಟೆ. ನಾಗಮ್ಮ ಬುಟ್ಟಿ ಕಸಿದುಕೊಂಡಳು.

"ಟಿಕೆಟ್ ಪೂರಾ ಸಿನಿಮಾದ್ದು ಅದರಿ, ಅರ್ಧದ್ದಲ್ಲ. ಹೋಗ್ರಿ. ಆ ದರ್ಜಿದು ಏನಾತು ನೋಡಿ ಬಂದು ಹೇಳ್ರಿ, ಒಂದೂ ಬಿಡಬ್ಯಾಡ್ರಿ."

ಕಾಗದದಲ್ಲಿ ಎರಡು ಮಿರ್ಚಿ ಸುತ್ತಿ ಕೈಗಿಟ್ಟಳು. ಕಡಾಯಿ ಕಳೆದುಕೊಂಡ ಮೇಲೆ ಇಷ್ಟು ಹಗುರಾಗಿ ನಡೆಯಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಕತ್ತಲಲ್ಲಿ ಹುಡುಗಿಯರು ನನ್ನ ಕುರ್ಚಿ ಹಿಡಿದಿಟ್ಟಿದ್ದರು. ಒಂದು ಮಿರ್ಚಿ ಅವರಿಗೆ ಕೊಟ್ಟೆ, ಮೂವರೂ ಹಂಚಿಕೊಂಡು ಹಾ ಹಾ ಎಂದು ಬಾಯಿಗೆ ಗಾಳಿ ಹಾಕಿಕೊಂಡರು. ಪರದೆಯ ಮೇಲೆ ಹುಡುಗಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಳು. ಐವತ್ತು ಪಿಟೀಲುಗಳೂ ಮತ್ತೆ ಎದ್ದು ನಿಂತವು. ಇದು ಖರೇನೋ ಮಸ್ಕಿರಿಯೋ ನಾನು ಎಣಿಸಲಿಲ್ಲ. ನನ್ನ ಮುಂದೆ ಕರಿಯುವಂಥದ್ದು ಏನೂ ಇರಲಿಲ್ಲ.